ಕೊಡಗಿನ ನೀರಿಗೆ ಇಳಿಯುವ ದೋಣಿ ಎಂಜಿನ್: ಅಲ್ಯೂಮಿನಿಯಂ ಭಾಗಗಳಿಗೆ ಬಣ್ಣ ಹಚ್ಚುವ ಪೂರ್ತಿ ಕ್ರಮ

ಹಾರಂಗಿ ಹಿನ್ನೀರಿನಲ್ಲೋ ದುಬಾರೆಯ ಕಡವಿನಲ್ಲೋ ಓಡುವ ದೋಣಿಯ ಎಂಜಿನ್ ಬಣ್ಣ ಒಂದೇ ಮಳೆಗಾಲಕ್ಕೆ ಚಕ್ಕೆ ಚಕ್ಕೆಯಾಗಿ ಎದ್ದರೆ ಎಲ್ಲರೂ ಬಯ್ಯುವುದು ಬಣ್ಣದ ಡಬ್ಬಿಯನ್ನು. ಡಬ್ಬಿಯ ತಪ್ಪು ಇರುವುದು ಅಪರೂಪ. ಬಣ್ಣ ಕೂರುವ ಮುಂಚೆ ಲೋಹದ ಮೇಲೆ ಏನಿತ್ತು, ಹಚ್ಚಿದ ದಿನ ಗಾಳಿಯಲ್ಲಿ ತೇವ ಎಷ್ಟಿತ್ತು ಎಂಬುದರಲ್ಲೇ ಹೆಚ್ಚಿನ ಲೆಕ್ಕ ಮುಗಿದಿರುತ್ತದೆ. ಹಾಗಾಗಿ ಇಲ್ಲಿ ಬಣ್ಣಕ್ಕಿಂತ ಅದರ ಹಿಂದಿನ ಕೆಲಸದ ಮಾತೇ ಜಾಸ್ತಿ. ನೀರಿನಲ್ಲಿ ಮುಳುಗುವ ಗೇರ್‌ಕೇಸ್, ಅದರಡಿಯ ರೆಕ್ಕೆಯಂಥ ಸ್ಕೆಗ್, ಪ್ರೊಪೆಲ್ಲರ್ ಮೇಲಿನ ಅಡ್ಡ ಪ್ಲೇಟು, ನಡುವಿನ ಕಾಲು, ಎಂಜಿನ್ನನ್ನು ದೋಣಿಯ ಹಿಂಬದಿಗೆ ಹಿಡಿಸುವ ಟ್ರಾನ್ಸಮ್ ಬ್ರಾಕೆಟ್, ಅಲ್ಯೂಮಿನಿಯಂ ಪ್ರೊಪೆಲ್ಲರ್ ಎಲ್ಲಕ್ಕೂ ಕ್ರಮ ಒಂದೇ.

ಇಲ್ಲಿನ ನೀರು, ಇಲ್ಲಿನ ಶೆಡ್ಡು

ಅಲ್ಯೂಮಿನಿಯಂಗೆ ಗಾಳಿ ತಾಗಿದ ಕೂಡಲೇ ತೆಳುವಾದ ಆಕ್ಸೈಡ್ ಪದರ ಕಟ್ಟುತ್ತದೆ. ಲೋಹವನ್ನು ಕಾಯುವುದೂ ಅದೇ, ಬಣ್ಣ ಹಿಡಿಯದಂತೆ ಮಾಡುವುದೂ ಅದೇ. ಸಮುದ್ರದ ನೀರಿನಲ್ಲಿ ಉಪ್ಪಿನ ಕ್ಲೋರೈಡ್ ಈ ಪದರವನ್ನು ತೂತು ಮಾಡಿ ಗುಂಡಿ ಬೀಳಿಸುತ್ತದೆ. ಕೊಡಗಿನ ಹೊಳೆ, ಕೆರೆಗಳ ನೀರು ಸಿಹಿ, ಉಪ್ಪಿನ ಕಾಟ ಕಡಿಮೆ. ಆದರೆ ಮಳೆಗಾಲದ ಕೆಂಪು ನೀರಿನಲ್ಲಿ ಬರುವ ಮರಳು ಸ್ಕೆಗ್‌ನ ಮುಂಬದಿಯನ್ನು ತೇಯುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ದುಬಾರೆಯ ಬಳಿ ಬಂಡೆಗಳೆಲ್ಲ ಮೇಲೇಳುತ್ತವೆ, ಒಂದು ಬಡಿತಕ್ಕೆ ಬಣ್ಣ ಲೋಹದವರೆಗೂ ಹಾರುತ್ತದೆ. ಹೀಗೆ ಬಯಲಾದ ಜಾಗದಿಂದ ನೀರು ಅಕ್ಕಪಕ್ಕದ ಬಣ್ಣದಡಿಗೆ ನುಗ್ಗುತ್ತದೆ.

ಇನ್ನೊಂದು ಅಪಾಯ ತೋಟದ ಶೆಡ್ಡಿನಲ್ಲೇ ಇದೆ, ಅದರ ಕಡೆ ಯಾರ ಗಮನವೂ ಹೋಗುವುದಿಲ್ಲ. ಎಂಜಿನ್ ತೊಳೆಯಲು, ಓಡಿಸಿ ನೋಡಲು ಕೈಗೆ ಸಿಗುವುದು ತೋಟದ ಗಿಡಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸುವ ಡ್ರಮ್ಮು. ಬೋರ್ಡೋದಲ್ಲಿ ಇರುವುದು ಮೈಲುತುತ್ತ ಮತ್ತು ಸುಣ್ಣ. ತಾಮ್ರದ ಅಂಶ ಅಲ್ಯೂಮಿನಿಯಂ ಮೇಲೆ ಕೂತರೆ ಆ ಚುಕ್ಕೆಯ ಸುತ್ತ ಲೋಹ ಕರಗುತ್ತಾ ಹೋಗುತ್ತದೆ. ಸುಣ್ಣದ ಕ್ಷಾರ ಆಕ್ಸೈಡ್ ಪದರವನ್ನೇ ತಿನ್ನುತ್ತದೆ. ಡ್ರಮ್ಮು ಎಷ್ಟೇ ತೊಳೆದಿರಲಿ, ಬೋರ್ಡೋ ಕಂಡ ಡ್ರಮ್ಮು, ಸ್ಪ್ರೇಯರ್, ಪೈಪು ಈ ಕೆಲಸಕ್ಕೆ ಬೇಡ. ಪೊಟ್ಯಾಷ್ ಗೊಬ್ಬರದ ಮೂಟೆಯ ಪಕ್ಕದಲ್ಲೂ ಎಂಜಿನ್ ನಿಲ್ಲಿಸಬೇಡಿ. ಅದು ಕ್ಲೋರೈಡ್ ಉಪ್ಪೇ, ಮಳೆಗಾಲದ ತೇವಕ್ಕೆ ನೀರೊಡೆದು ಹರಡುತ್ತದೆ.

ದಿನ ಆರಿಸುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೋಣಿ ದಡದಲ್ಲಿರುತ್ತದೆ, ಕೈಯಲ್ಲಿ ಬಿಡುವೂ ಇರುತ್ತದೆ, ಬಣ್ಣಕ್ಕೆ ಮಾತ್ರ ಅದು ಕಾಲವಲ್ಲ. ಆ ಬಿಡುವಿನಲ್ಲಿ ಬಿಚ್ಚಿ, ಸೀಲು ನೋಡಿ, ಬೇಕಾದ ಭಾಗ ತರಿಸಿಟ್ಟುಕೊಳ್ಳಿ. ಬಣ್ಣ ಹಚ್ಚಲು ಡಿಸೆಂಬರ್‌ನಿಂದ ಕಾಫಿ ಹೂವರಳಿಸುವ ಹೂಮಳೆಗೆ ಮುಂಚಿನ ಫೆಬ್ರವರಿಯವರೆಗಿನ ಒಣ ದಿನಗಳು ಒಳ್ಳೆಯವು. ಆದರೆ ಅದೇ ಹೊತ್ತಿಗೆ ಕಾಫಿ ಕೊಯ್ಲು, ಕಣದಲ್ಲಿ ಒಣಗಿಸುವುದು ನಡೆದಿರುತ್ತದೆ. ಕಣದ ಗಾಳಿ ಬೀಸುವ ಕಡೆ ಬಣ್ಣ ಹಚ್ಚಿದರೆ ಸಿಪ್ಪೆ ಧೂಳೆಲ್ಲ ಹಸಿ ಬಣ್ಣಕ್ಕೆ ಅಂಟುತ್ತದೆ.

ನಿಯಮ ಇಷ್ಟೇ: ಗಾಳಿಯ ತೇವಾಂಶ 85 ಶೇಕಡದ ಒಳಗಿರಬೇಕು, ಲೋಹದ ಮೈ ಇಬ್ಬನಿ ಕಟ್ಟುವ ಉಷ್ಣಾಂಶಕ್ಕಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ಇಬ್ಬನಿಯ ಉಷ್ಣಾಂಶಕ್ಕೆ ಅಂದಾಜು ಲೆಕ್ಕ ಸುಲಭ. ತೇವಾಂಶ 100ಕ್ಕಿಂತ ಪ್ರತಿ 5 ಶೇಕಡ ಕಡಿಮೆಯಾದಂತೆ ಗಾಳಿಯ ಉಷ್ಣಾಂಶದಿಂದ 1 ಡಿಗ್ರಿ ಕಳೆಯಿರಿ. ಗಾಳಿ 20 ಡಿಗ್ರಿ ಸೆಲ್ಸಿಯಸ್, ತೇವಾಂಶ 80 ಇದ್ದರೆ ಇಬ್ಬನಿ ಕಟ್ಟುವುದು ಸುಮಾರು 16ಕ್ಕೆ, ಲೋಹ 19ಕ್ಕಿಂತ ಮೇಲಿರಬೇಕು. ಅಂಗಡಿಯಲ್ಲಿ ಸಿಗುವ ಚಿಕ್ಕ ತೇವಮಾಪಕ, ಲೋಹಕ್ಕೆ ತಾಗಿಸುವ ಥರ್ಮಾಮೀಟರ್ ಇದ್ದರೆ ಸಾಕು. ತೇವಾಂಶ 50ಕ್ಕಿಂತ ಕೆಳಗಿದ್ದರೆ ಈ ಲೆಕ್ಕ ಸರಿಬರದು. ಆಗ ಇಬ್ಬನಿಯ ಚಿಂತೆಯೂ ಇರುವುದಿಲ್ಲ.

ಮಡಿಕೇರಿ ಕಡೆಯ ಚಳಿಗಾಲದಲ್ಲಿ ಜನ ಮೋಸಹೋಗುವುದು ಇಲ್ಲೇ. ಬೆಳಿಗ್ಗೆ ಹತ್ತಕ್ಕೆ ಮಂಜು ಕರಗಿ ಬಿಸಿಲು ಬಂದಿರುತ್ತದೆ, ಗಾಳಿ ಬೆಚ್ಚಗಿರುತ್ತದೆ. ಆದರೆ ದಪ್ಪ ಎರಕದ ಗೇರ್‌ಕೇಸ್ ರಾತ್ರಿಯ ಚಳಿಯನ್ನು ಇನ್ನೂ ಹಿಡಿದಿರುತ್ತದೆ. ಬೆಚ್ಚನೆಯ ಗಾಳಿಯ ತೇವ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಕೂರುತ್ತದೆ, ಅದರ ಮೇಲೇ ಪ್ರೈಮರ್ ಬೀಳುತ್ತದೆ. ಭಾಗಗಳನ್ನು ಹಿಂದಿನ ರಾತ್ರಿ ಮನೆಯೊಳಗೆ ಇಡಿ. ಹನ್ನೊಂದರ ನಂತರ ಶುರುಮಾಡಿ, ಮೂರರೊಳಗೆ ಕೊನೆಯ ಕೈ (ಬಣ್ಣದ ಪದರ) ಮುಗಿಸಿ. ಸಂಜೆಯ ಇಬ್ಬನಿ ಇಳಿಯುವ ಮುಂಚೆ ಬಣ್ಣ ಮುಟ್ಟುವಷ್ಟು ಒಣಗಿರಬೇಕು.

ತರಬೇಕಾದ ಸಾಮಾನು

ಕಾರು ಪೇಂಟಿಂಗ್ ಸಾಮಾನಿನ ಅಂಗಡಿಯಲ್ಲಿ ಬಹುಪಾಲು ಸಿಗುತ್ತದೆ. ಅಲ್ಯೂಮಿನಿಯಂಗೆ ಆಗುತ್ತದೆ, ನೀರಿನೊಳಗೆ ನಿಲ್ಲುತ್ತದೆ ಎಂದು ಡಬ್ಬಿಯ ವಿವರದಲ್ಲೇ ಬರೆದಿರುವ ಎಪಾಕ್ಸಿ ಪ್ರೈಮರ್ ಬೇಕಾದರೆ ಮಂಗಳೂರಿನ ಅಂಗಡಿಗಳಲ್ಲಿ ಹುಡುಕುವುದು ಮೇಲು.

ಒಂದು ಮಧ್ಯಮ ಗಾತ್ರದ ಎಂಜಿನ್‌ನ ಗೇರ್‌ಕೇಸ್, ನಡುಗಾಲು ಸೇರಿ ಒಂದು ಚದರ ಮೀಟರಿಗಿಂತ ಹೆಚ್ಚು ಮೈ ಇರುವುದಿಲ್ಲ. ಘನಾಂಶ, ಅಂದರೆ ಒಣಗಿದ ಮೇಲೆ ಉಳಿಯುವ ಭಾಗ, ಅರ್ಧದಷ್ಟಿರುವ ಪ್ರೈಮರ್ ಒಂದು ಲೀಟರಿಗೆ, 50 ಮೈಕ್ರಾನ್ (ಮಿ.ಮೀ.ಯ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪದಲ್ಲಿ, 10 ಚದರ ಮೀಟರ್ ಬರುತ್ತದೆ. ಎರಡು ಕೈಗೆ 200 ಮಿ.ಲೀ. ಸಾಕೆನಿಸಿದರೂ ಸ್ಪ್ರೇ ಗನ್ನಿನಲ್ಲಿ ಅರ್ಧ ಗಾಳಿಗೆ ಹೋಗುತ್ತದೆ. ಬಣ್ಣವನ್ನು ಗಟ್ಟಿಗೊಳಿಸುವ ಹಾರ್ಡನರ್ ಸೇರಿ ಅರ್ಧ ಲೀಟರ್ ಪ್ರೈಮರ್, ಹಾರ್ಡನರ್ ಬೇರೆ ಡಬ್ಬಿಯಲ್ಲಿ ಬರುವ ಪಾಲಿಯುರೆಥೇನ್ ಮೇಲುಬಣ್ಣ ಅರ್ಧ ಲೀಟರ್ ತನ್ನಿ. ಥಿನ್ನರ್ ಅದೇ ಕಂಪನಿಯದೇ ಆಗಿರಲಿ. ಸಿಕ್ಕ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಸುರಿದರೆ ಪಾಲಿಯುರೆಥೇನ್ ಗಟ್ಟಿಯಾಗದೆ ಮೆತ್ತಗೇ ಉಳಿಯಬಹುದು.

ಜೊತೆಗೆ 80, 120, 180, 320 ನಂಬರಿನ ಎಮರಿ ಪೇಪರ್, ಸ್ಕಾಚ್-ಬ್ರೈಟ್, ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಬ್ರಷ್ಷು, ಅಲ್ಯೂಮಿನಿಯಂ ಪುಡಿ ಬೆರೆಸಿದ ಎಪಾಕ್ಸಿ ಪುಟ್ಟಿ, ಮಾಸ್ಕಿಂಗ್ ಟೇಪು, ನೂಲು ಬಿಡದ ಬಿಳಿ ಬಟ್ಟೆ, ನೈಟ್ರೈಲ್ ಕೈಗವಸು. ಗೇಟಿಗೆ ಹೊಡೆಯುವ ರೆಡ್ ಆಕ್ಸೈಡ್ ತರಲೇಬೇಡಿ, ಅದು ಕಬ್ಬಿಣಕ್ಕೆ ಮಾಡಿದ್ದು. ಹಳದಿ ಬಣ್ಣದ ಕ್ರೋಮೇಟ್ ಪ್ರೈಮರ್ ಅಲ್ಯೂಮಿನಿಯಂಗೆ ಚೆನ್ನಾಗಿ ಹಿಡಿಯುತ್ತದೆ ನಿಜ, ಆದರೆ ಅದರ ಧೂಳು, ತುಂತುರು ಕ್ಯಾನ್ಸರ್ ತರುವಂಥದ್ದು. ಮನೆಯ ಶೆಡ್ಡಿಗೆ ಜಿಂಕ್ ಫಾಸ್ಫೇಟ್ ಇರುವ ಎಪಾಕ್ಸಿಯೇ ಸರಿ.

ಬಿಚ್ಚುವುದು, ಮುಚ್ಚುವುದು

ಮೊದಲು ಗೇರ್ ಆಯಿಲ್ ಇಳಿಸಿ. ಹಾಲು ಬೆರೆತಂತೆ ಬೆಳ್ಳಗಿದ್ದರೆ ನೀರು ಒಳಗೆ ಹೋಗಿದೆ. ಆಗ ಸೀಲು ಬದಲಾಯಿಸಿ, ಸೋರಿಕೆ ಪರೀಕ್ಷೆ ಮುಗಿಸಿದ ಮೇಲೆಯೇ ಬಣ್ಣದ ಮಾತು. ಪ್ರೊಪೆಲ್ಲರ್ ತೆಗೆದಾಗ ಶಾಫ್ಟಿನ ಬುಡದಲ್ಲಿ ಗಾಳದ ನೈಲಾನ್ ದಾರ ಸುತ್ತಿಕೊಂಡಿದೆಯೇ ನೋಡಿ. ಹೊಳೆಯಲ್ಲಿ ಓಡಿದ ಎಂಜಿನ್‌ನಲ್ಲಿ ಇದು ಸಾಮಾನ್ಯ, ಸೀಲು ಹಾಳಾಗಲು ದೊಡ್ಡ ಕಾರಣವೂ ಇದೇ.

ಆನೋಡ್‌ಗಳನ್ನು, ಅಂದರೆ ಎಂಜಿನ್ ಮೈಯ ಬದಲು ತಾವೇ ಸವೆಯುವ ಲೋಹದ ತುಂಡುಗಳನ್ನು, ಬಿಚ್ಚಿಡಿ. ಬಣ್ಣ ಬೀಳಬಾರದ ಜಾಗಗಳು ಇವು: ಆನೋಡ್ ಕೂರುವ ಮೈ, ಪ್ರೊಪೆಲ್ಲರ್ ಶಾಫ್ಟಿನ ಹಲ್ಲುಗಳು, ಎರಡು ಭಾಗ ಸೇರುವ ಮುಖಗಳು, ಬೋಲ್ಟಿನ ಮರೆ (ತಿರುಪಿನ ಸುರುಳಿ ಗೀರು), ಅರ್ತ್ ತಂತಿ ತಾಗುವ ಜಾಗ, ತಂಪು ನೀರು ಎಳೆಯುವ ಜಾಲರಿಯ ತೂತುಗಳು. ಸೇರುವ ಮುಖಗಳಿಗೆ ಬಣ್ಣ ಬಿದ್ದರೆ ಬೋಲ್ಟು ಬಿಗಿದಾಗ ಬಿಗಿ ಬಂದಂತೆ ಕಾಣುತ್ತದೆ. ಕೆಲವು ದಿನಕ್ಕೆ ಬಣ್ಣ ಹಿಸುಕಿ ತೆಳುವಾಗಿ ಬೋಲ್ಟು ಸಡಿಲವಾಗುತ್ತದೆ. ಮರೆಗಳಿಗೆ ಹಳೆ ಬೋಲ್ಟನ್ನೇ ಗ್ರೀಸ್ ಇಲ್ಲದೆ ತಿರುಗಿಸಿ ಮುಚ್ಚಿ. ಟೇಪು ಅಂಟಿಸುವುದು ತೊಳೆದು ಉಜ್ಜಿದ ಮೇಲೆ, ಕೈಗವಸು ಹಾಕಿಕೊಂಡೇ.

ಹಳೆ ಬಣ್ಣ: ಎಷ್ಟು ತೆಗೆಯಬೇಕು

ಪೂರ್ತಿ ಬೋಳಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಕಾರ್ಖಾನೆಯಲ್ಲಿ ರಾಸಾಯನಿಕ ಪದರದ ಮೇಲೆ ಒಲೆಯಲ್ಲಿ ಬೇಯಿಸಿ ಕೂರಿಸಿದ ಬಣ್ಣ ಗಟ್ಟಿಯಾಗಿ ಹಿಡಿದಿರುವಲ್ಲಿ, ಶೆಡ್ಡಿನಲ್ಲಿ ನಾವು ಹಚ್ಚುವ ಯಾವ ಪ್ರೈಮರ್‌ಗಿಂತಲೂ ಅದೇ ಮೇಲು. ಚಾಕುವಿನ ತುದಿಯಿಂದ ಚಕ್ಕೆಯ ಅಂಚನ್ನು ಎತ್ತಿ ನೋಡಿ. ಸುಲಭವಾಗಿ ಏಳುವವರೆಗೂ ತೆಗೆಯುತ್ತಾ ಹೋಗಿ, ಗಟ್ಟಿ ಜಾಗ ಸಿಕ್ಕಲ್ಲಿ ನಿಲ್ಲಿಸಿ. ಅಂಚನ್ನು 120, ಆಮೇಲೆ 180ರಲ್ಲಿ ಬೆರಳಿಗೆ ಮೆಟ್ಟಿಲು ಸಿಗದಷ್ಟು ಇಳಿಜಾರು ಮಾಡಿ. ಉಳಿದ ಹಳೆ ಬಣ್ಣದ ಹೊಳಪನ್ನು 320ರಲ್ಲಿ ಪೂರ್ತಿ ಕಳೆಯಿರಿ.

ಬಿಳಿ ಪುಡಿ ಕಟ್ಟಿದ ಜಾಗ ಬೇರೆಯದೇ ಲೆಕ್ಕ. ಅದು ಲೋಹ ತಿಂದುಹೋದ ಗುರುತು. ಸ್ಟೇನ್‌ಲೆಸ್ ಬ್ರಷ್ಷಿನಲ್ಲಿ ಉಜ್ಜಿದಾಗ ಮೇಲೆ ಹೊಳೆಯುತ್ತದೆ, ಗುಂಡಿಯ ತಳದಲ್ಲಿ ಮಾತ್ರ ಬೂದು ಚುಕ್ಕೆ ಉಳಿದಿರುತ್ತದೆ. ಆ ಚುಕ್ಕೆಯನ್ನು ಬಿಟ್ಟು ಬಣ್ಣ ಹಚ್ಚಿದರೆ ಅಲ್ಲಿಂದಲೇ ಗುಳ್ಳೆ ಏಳುತ್ತದೆ. ಚೂಪು ಸಲಾಕೆಯಿಂದಲೋ ಚಿಕ್ಕ ರೋಟರಿ ಬಿಟ್‌ನಿಂದಲೋ ತಳ ಹೊಳೆಯುವವರೆಗೆ ಕೆರೆಯಿರಿ. ಗುಂಡಿ ಅಗಲವಾದರೂ ಪರವಾಗಿಲ್ಲ, ಅದನ್ನು ತುಂಬಬಹುದು.

ಸಾಮಾನ್ಯ ಕಬ್ಬಿಣದ ತಂತಿ ಬ್ರಷ್ಷು, ಸ್ಟೀಲ್ ವುಲ್, ಕಬ್ಬಿಣ ಉಜ್ಜಿದ ಹಳೆ ಎಮರಿ ಬಳಸಬಾರದು. ಕಬ್ಬಿಣದ ಕಣ ಮೆತ್ತನೆಯ ಅಲ್ಯೂಮಿನಿಯಂಗೆ ನಾಟಿಕೊಂಡು ಆಮೇಲೆ ತುಕ್ಕಿನ ಚುಕ್ಕೆಯಾಗುತ್ತದೆ. ಅದೇ ಶೆಡ್ಡಿನಲ್ಲಿ ಗ್ರೈಂಡರ್ ಹಿಡಿದು ಕಬ್ಬಿಣ ಕೊಯ್ಯುತ್ತಿದ್ದರೆ ಆ ದಿನ ಈ ಕೆಲಸ ಬೇಡ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ನೊರೆಯೆಬ್ಬಿಸಿ ತಿನ್ನುತ್ತದೆ. ಬಾತ್‌ರೂಮ್ ತೊಳೆಯುವ ಆಸಿಡ್ ಕ್ಷಣದಲ್ಲಿ ಬೆಳ್ಳಗೆ ಮಾಡುತ್ತದೆ, ಆದರೆ ಎರಕದ ಸಣ್ಣ ರಂಧ್ರಗಳಲ್ಲಿ ಕ್ಲೋರೈಡ್ ಬಿಟ್ಟುಹೋಗುತ್ತದೆ. ಹಿತ್ತಾಳೆ ಚೆಂಬಿಗೆ ಹಚ್ಚುವ ಹುಣಸೆಹಣ್ಣಿಗೂ ಇಲ್ಲಿ ಕೆಲಸವಿಲ್ಲ.

ಸ್ಕೆಗ್ ಮುರಿದಿದ್ದರೆ ಪುಟ್ಟಿಯಲ್ಲಿ ಕಟ್ಟಲು ಹೋಗಬೇಡಿ, ಮುಂದಿನ ಬಂಡೆಗೆ ಹೋಗುತ್ತದೆ. ಆರ್ಗಾನ್ ವೆಲ್ಡಿಂಗ್ ಮಾಡುವವರಲ್ಲಿ 4043 ನಂಬರಿನ ಅಲ್ಯೂಮಿನಿಯಂ ತಂತಿಯಿಂದ ಕಟ್ಟಿಸಿ. ಆ ಬಿಸಿಗೆ ಸೀಲು ಉಳಿಯುವುದಿಲ್ಲ, ಆದ್ದರಿಂದ ಗೇರ್‌ಕೇಸ್ ಖಾಲಿ ಮಾಡಿಯೇ ಕೊಡಿ.

ಅಂಚುಗಳ ಬಗ್ಗೆ ಒಂದು ಮಾತು. ಚೂಪು ಅಂಚಿನಲ್ಲಿ ಹಸಿ ಬಣ್ಣ ಹಿಂದೆ ಸರಿದು ತೆಳುವಾಗುತ್ತದೆ, ಸವೆತ ಶುರುವಾಗುವುದೂ ಅಲ್ಲೇ. ಸ್ಕೆಗ್, ಅಡ್ಡ ಪ್ಲೇಟುಗಳ ಅಂಚನ್ನು 2 ಮಿ.ಮೀ.ಯಷ್ಟು ದುಂಡಗೆ ಉಜ್ಜಿ. ಪ್ರೊಪೆಲ್ಲರ್‌ನ ಅಂಚು ಮಾತ್ರ ಮುಟ್ಟಬೇಡಿ, ಆಕಾರ ಬದಲಾದರೆ ನಡುಕ ಬರುತ್ತದೆ.

ತೊಳೆತ

ಕ್ರಮ ಮುಖ್ಯ: ಮೊದಲು ಎಣ್ಣೆ ತೆಗೆಯುವುದು, ಆಮೇಲೆ ಉಜ್ಜುವುದು; ಮೇಲೆ ಹೇಳಿದ ಹಳೆ ಬಣ್ಣ ಉಜ್ಜುವುದಕ್ಕೂ ಇದೇ ಕ್ರಮ. ಎಣ್ಣೆ ಇರುವಾಗಲೇ ಉಜ್ಜಿದರೆ ಅದನ್ನು ಗೀರುಗಳೊಳಗೆ ತುಂಬಿದಂತೆ. ಪಾತ್ರೆ ತೊಳೆಯುವ ದ್ರವ, ಬಿಸಿನೀರಿನಲ್ಲಿ ಎರಡು ಸಲ ತೊಳೆದು, ಒಣಗಿಸಿ, ಪ್ರೈಮರ್ ಕಂಪನಿ ಹೇಳಿದ ಥಿನ್ನರ್‌ನಲ್ಲಿ ಒರೆಸಿ. ಒಂದು ಬಟ್ಟೆಯಲ್ಲಿ ಒದ್ದೆ ಮಾಡಿ, ಆರುವ ಮುಂಚೆ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಿ. ಬಟ್ಟೆ ಬೆಳ್ಳಗೇ ಬರುವವರೆಗೆ ಬದಲಿಸುತ್ತಿರಿ. ಪೆಟ್ರೋಲು, ಸೀಮೆಎಣ್ಣೆ ಬೇಡ, ಎರಡೂ ಜಿಡ್ಡು ಬಿಡುತ್ತವೆ.

ಹಳೆ ಎರಕದ ರಂಧ್ರಗಳಲ್ಲಿ ಎಣ್ಣೆ ಇಂಗಿರುತ್ತದೆ. ಹೀಟ್ ಗನ್‌ನಿಂದ ಕೈಗೆ ತುಸು ಹೆಚ್ಚೇ ಬಿಸಿ ಎನಿಸುವಷ್ಟು, ಅಂದರೆ 60 ಡಿಗ್ರಿ ಮೀರದಂತೆ ಕಾಯಿಸಿದರೆ ಎಣ್ಣೆ ಬೆವರಿನಂತೆ ಹೊರಬರುತ್ತದೆ. ತಣ್ಣಗಾದ ಮೇಲೆ ಥಿನ್ನರ್‌ನಲ್ಲಿ ಒರೆಸಿ, ಮತ್ತೆ ಕಾಯಿಸಿ. ಬರುವುದು ನಿಂತ ಮೇಲೆ ಮುಂದಿನ ಕೆಲಸ. ಸೀಲಿನ ಹತ್ತಿರ ಬಿಸಿ ಹಿಡಿಯಬೇಡಿ, ಥಿನ್ನರ್ ಆರದೆ ಹೀಟ್ ಗನ್ ಹಚ್ಚಲೂಬೇಡಿ.

ಬರಿ ಲೋಹವನ್ನು ಈಗ 80ರಲ್ಲಿ, ಆಮೇಲೆ 120ರಲ್ಲಿ ಅಡ್ಡ-ಉದ್ದ ಉಜ್ಜಿ. ನುಣುಪು ಮಾಡುವುದಲ್ಲ ಗುರಿ. ಪ್ರೈಮರ್ ಕಚ್ಚಿಕೊಳ್ಳಲು ಗೀರು ಬೇಕು. ಫಾಸ್ಫಾರಿಕ್ ಆಸಿಡ್ ಆಧಾರದ ಅಲ್ಯೂಮಿನಿಯಂ ಕ್ಲೀನರ್ ಸಿಕ್ಕರೆ ಲೇಬಲ್‌ನಲ್ಲಿ ಹೇಳಿದಷ್ಟು ನೀರು ಬೆರೆಸಿ ಹಚ್ಚಿ, ಹೇಳಿದಷ್ಟು ನಿಮಿಷ ಒದ್ದೆಯಾಗಿಯೇ ಇರಿಸಿ, ಆರಲು ಬಿಡದೆ ಧಾರಾಳ ನೀರಿನಲ್ಲಿ ತೊಳೆಯಿರಿ. ಗೇರ್‌ಕೇಸಿನ ಎರಕದಲ್ಲಿ ಸಿಲಿಕಾನ್ ಇರುವುದರಿಂದ ಆಸಿಡ್ ನಂತರ ಕಪ್ಪು ಮಸಿಯಂಥದ್ದು ಉಳಿಯಬಹುದು. ಅದನ್ನು ಸ್ಕಾಚ್-ಬ್ರೈಟ್‌ನಲ್ಲಿ ನೀರು ಹಾಕಿ ಉಜ್ಜಿ ತೆಗೆಯಬೇಕು, ಅದರ ಮೇಲೆ ಬಣ್ಣ ನಿಲ್ಲದು.

ಶುದ್ಧವಾಯಿತೇ ಎಂದು ತಿಳಿಯಲು ಒಳ್ಳೆಯ ನೀರು ಸುರಿದು ನೋಡಿ. ನೀರು ಅರ್ಧ ನಿಮಿಷ ಒಡೆಯದ ಹಾಳೆಯಂತೆ ನಿಂತರೆ ಸರಿ. ಕೆಸುವಿನೆಲೆಯ ಮೇಲಿನಂತೆ ಹನಿ ಹನಿಯಾದರೆ ಎಣ್ಣೆ ಇದೆ, ಮತ್ತೆ ಶುರುವಿನಿಂದ. ಇದಾದ ಮೇಲೆ ಬರಿಗೈ ತಾಗಬಾರದು. ತಲೆಗೆ ಹಚ್ಚಿದ ತೆಂಗಿನೆಣ್ಣೆ ಕೈಯಿಂದ ಬಂದರೂ ಅಷ್ಟು ಜಾಗ ಕೆಟ್ಟಂತೆಯೇ.

ಗಡಿಯಾರ ಇಲ್ಲಿಂದ ಓಡುತ್ತದೆ. ಉಜ್ಜಿದ ಮೈ ಮೇಲೆ ಆಕ್ಸೈಡ್ ಮತ್ತೆ ದಪ್ಪವಾಗುತ್ತಾ ಹೋಗುವುದರಿಂದ ಉಜ್ಜಿದ ನಾಲ್ಕು ಗಂಟೆಗಳ ಒಳಗೆ ಪ್ರೈಮರ್ ಬೀಳಬೇಕು. ತಡವಾದರೆ, ಮರುದಿನಕ್ಕೆ ಹೋದರೆ, 120ರಲ್ಲಿ ಇನ್ನೊಮ್ಮೆ ಉಜ್ಜಿ ಒರೆಸಿ.

ಪ್ರೈಮರ್, ಪುಟ್ಟಿ

ಒಂದೇ ಡಬ್ಬಿಯ ಆಸಿಡ್ ಎಚ್ (etch, ಆಸಿಡ್‌ನಿಂದ ಲೋಹವನ್ನು ತುಸು ಕಚ್ಚುವ) ಪ್ರೈಮರ್ ಹೊಡೆದು ಅದರ ಮೇಲೆ ಎಪಾಕ್ಸಿ ಹೊಡೆಯುವ ಪದ್ಧತಿ ಕಾರಿನ ಕೆಲಸದವರಲ್ಲಿದೆ. ಎಪಾಕ್ಸಿ ಕಂಪನಿ ಸರಿ ಎಂದು ಬರೆದಿರದಿದ್ದರೆ ಮಾಡಬೇಡಿ. ಎಚ್ ಪ್ರೈಮರ್‌ನ ಆಸಿಡ್ ಎಪಾಕ್ಸಿಯ ಹಾರ್ಡನರ್ ಜೊತೆ ತಗಾದೆ ತೆಗೆದು ನಡುವಿನ ಹಿಡಿತವೇ ಹೋಗುತ್ತದೆ. ನೇರ ಎಪಾಕ್ಸಿಯೇ ಸಾಕು.

ಬೇಸ್ ಡಬ್ಬಿಯ ತಳ ಕೆರೆದು ಚೆನ್ನಾಗಿ ಕಲಕಿ. ತುಕ್ಕು ತಡೆಯುವ ಪುಡಿ ತಳದಲ್ಲೇ ಕೂತಿರುತ್ತದೆ. ಹಾರ್ಡನರ್ ಪ್ರಮಾಣ ಡಬ್ಬಿಯ ಮೇಲೆ ಇದ್ದಷ್ಟೇ, ಅಳತೆ ಕಪ್ಪಿನಲ್ಲಿ ಹಾಕಿ. ಬೇಗ ಒಣಗಲೆಂದು ಹಾರ್ಡನರ್ ಹೆಚ್ಚು ಸುರಿದರೆ ಪೆಡಸಾಗುತ್ತದೆ, ಮಿಕ್ಕ ಹಾರ್ಡನರ್ ನೀರು ಎಳೆಯುತ್ತದೆ. ಬೆರೆಸಿದ ಮೇಲೆ ಡಬ್ಬಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 15ರಿಂದ 30 ನಿಮಿಷ, ಬಿಟ್ಟು ಬಳಸಿ.

ಮೊದಲು ಬ್ರಷ್ಷಿನಲ್ಲಿ ಅಂಚು, ಮೂಲೆ, ಬೋಲ್ಟಿನ ತೂತಿನ ಸುತ್ತ ಒಂದು ಪಟ್ಟಿ ಹಚ್ಚಿ. ಆಮೇಲೆ ಮೈಗೆಲ್ಲ ತೆಳುವಾದ ಮೊದಲ ಕೈ. ಗನ್ ಆದರೆ 1.6 ಮಿ.ಮೀ. ಸುಮಾರಿನ ನಾಝಲ್, 2ರಿಂದ 3 ಬಾರ್ ಗಾಳಿ, 15ರಿಂದ 20 ಸೆಂ.ಮೀ. ದೂರ. ಕಂಪ್ರೆಸರ್ ಟ್ಯಾಂಕಿನ ನೀರು ಶುರುವಿಗೆ ಮುಂಚೆ ಇಳಿಸಿ, ನೀರು ಹಿಡಿಯುವ ಫಿಲ್ಟರ್ ಹಾಕಿ. ನಮ್ಮ ಗಾಳಿಗೆ ಟ್ಯಾಂಕಿನಲ್ಲಿ ನೀರು ಬೇಗ ತುಂಬುತ್ತದೆ.

ಗುಂಡಿಗಳಿಗೆ ಎಪಾಕ್ಸಿ ಪುಟ್ಟಿಯನ್ನು ಉಜ್ಜಿದ ಲೋಹಕ್ಕೋ ಉಜ್ಜಿದ ಪ್ರೈಮರ್‌ಗೋ ಹಾಕಬಹುದು, ಪುಟ್ಟಿಯ ಲೇಬಲ್ ಹೇಳಿದಂತೆ. ಟಿಂಕರಿಂಗ್ ಶಾಪಿನ ಪಾಲಿಯೆಸ್ಟರ್ ಪುಟ್ಟಿ, ಎನ್‌ಸಿ ಪುಟ್ಟಿ ನೀರು ಕುಡಿಯುತ್ತವೆ. ಮುಳುಗುವ ಭಾಗಕ್ಕೆ ಎರಡೂ ಬೇಡ. ಗಟ್ಟಿಯಾದ ಮೇಲೆ 180ರಲ್ಲಿ ಸಮಮಾಡಿ, ಒರೆಸಿ, ಪ್ರೈಮರ್‌ನ ಎರಡನೇ ಕೈ. ಎರಡೂ ಸೇರಿ ಒಣಗಿದ ಮೇಲೆ 100 ಮೈಕ್ರಾನ್ ಆಗುವಂತೆ ನೋಡಿ.

ಒಂದರ ಮೇಲೊಂದು ಹೊಡೆಯುವ ಗಡುವು ಡಬ್ಬಿಯ ಮೇಲಿರುತ್ತದೆ. ಗಡುವು ಮೀರಿದರೆ ಎಪಾಕ್ಸಿ ಗಾಜಿನಂತಾಗಿ ಮೇಲಿನದು ಹಿಡಿಯದು, 320ರಲ್ಲಿ ಉಜ್ಜಲೇಬೇಕು. ಚಳಿ ರಾತ್ರಿಯಲ್ಲಿ, ತೇವದಲ್ಲಿ ಒಣಗಿದ ಎಪಾಕ್ಸಿಯ ಮೇಲೆ ಜಿಡ್ಡಾದ ಮಬ್ಬು ಪದರ ಕಟ್ಟುತ್ತದೆ. ಅದು ಉಗುರು ಬೆಚ್ಚನೆ ನೀರು, ಸ್ಕಾಚ್-ಬ್ರೈಟ್‌ಗೆ ಹೋಗುತ್ತದೆ, ಥಿನ್ನರ್‌ಗೆ ಹೋಗುವುದಿಲ್ಲ. ಮೊದಲು ತೊಳೆದು ಆಮೇಲೆ ಉಜ್ಜಿ. ಉಷ್ಣಾಂಶ 10 ಡಿಗ್ರಿಗೆ ಹತ್ತಿರವಾದರೆ ಸಾಮಾನ್ಯ ಎಪಾಕ್ಸಿ ಗಟ್ಟಿಯಾಗುವುದೇ ನಿಂತಂತೆ, ಒಣಗುವ ಕೋಣೆಯನ್ನು ಬೆಚ್ಚಗಿಡಿ.

ಮೇಲುಬಣ್ಣ

ಎಪಾಕ್ಸಿ ಬಿಸಿಲಿಗೆ ಸುಣ್ಣದಂತೆ ಪುಡಿಯಾಗುತ್ತದೆ, ಅದಕ್ಕೇ ಮೇಲೆ ಪಾಲಿಯುರೆಥೇನ್. ಪೆಟ್ರೋಲು ಚೆಲ್ಲಿದರೂ ಮೆತ್ತಗಾಗದು. ಗೇಟಿನ ಎನಾಮೆಲ್ ನೀರಿನೊಳಗೆ ಬಾಳುವುದಿಲ್ಲ. ಸ್ಪ್ರೇ ಕ್ಯಾನಿನ ಬಣ್ಣ ಸಣ್ಣ ಗೀರು ಮುಚ್ಚಲಷ್ಟೇ. ಒಂದು ತೆಳು ಕೈ, ಅದು ಬೆರಳಿಗೆ ಅಂಟುವಷ್ಟು ಆರಿದ ಮೇಲೆ ಎರಡು ತುಂಬು ಕೈ, ನಡುವೆ ಡಬ್ಬಿ ಹೇಳಿದಷ್ಟು ಬಿಡುವು. ಒಟ್ಟು 50ರಿಂದ 80 ಮೈಕ್ರಾನ್. ಪಾಲಿಯುರೆಥೇನ್ ಹಾರ್ಡನರ್ ತೇವದೊಡನೆ ಸೇರಿದರೆ ಅನಿಲ ಬಿಟ್ಟು ಸಣ್ಣ ಗುಳ್ಳೆಯಾಗುತ್ತದೆ, ಹೊಳಪು ಹೋಗುತ್ತದೆ. ಹಳೆಯ, ಅರ್ಧ ಖಾಲಿಯಾದ ಹಾರ್ಡನರ್ ಡಬ್ಬಿಯಲ್ಲಿ ಗಂಟು ಕಂಡರೆ ಎಸೆಯಿರಿ.

ಆ ಹಾರ್ಡನರ್‌ನಲ್ಲಿ ಐಸೋಸಯನೇಟ್ ಇದೆ. ಅದರ ತುಂತುರು ಉಸಿರಿಗೆ ಹೋದರೆ ಅಸ್ತಮಾ ಹಿಡಿಯಬಹುದು, ಒಮ್ಮೆ ಹಿಡಿದರೆ ಆಮೇಲೆ ಸ್ವಲ್ಪವೇ ತಾಗಿದರೂ ಉಬ್ಬಸ ಬರುತ್ತದೆ. ಬಟ್ಟೆಯ ಮಾಸ್ಕು, ಧೂಳಿನ ಮಾಸ್ಕು ಏನೂ ಮಾಡವು. ಹೊರಗಿನ ಗಾಳಿ ಪೂರೈಸುವ ಮುಖವಾಡ ಇಲ್ಲದಿದ್ದರೆ ಸ್ಪ್ರೇ ಕೈಬಿಟ್ಟು, ತೆರೆದ ಕಡೆ ಸಾವಯವ ಆವಿಗೆ (organic vapour) ಹೇಳಿದ ಕಾರ್ಟ್ರಿಜ್ ಮಾಸ್ಕ್ ಹಾಕಿ ಬ್ರಷ್ಷು, ಸ್ಪಂಜು ರೋಲರ್‌ನಲ್ಲಿ ಹಚ್ಚಿ. ಗೇರ್‌ಕೇಸ್ ನೀರಿನಡಿ ಇರುವಂಥದ್ದು, ಬ್ರಷ್ಷಿನ ಗೆರೆ ಯಾರಿಗೂ ಕಾಣದು.

ಪಾಚಿ ಹಿಡಿಯದ ತಾಮ್ರದ ಬಣ್ಣ ಅಲ್ಯೂಮಿನಿಯಂಗೆ ನಿಷಿದ್ಧ. ಕೆಲಸ ಮುಗಿದ ಮೇಲೆ ಎತ್ತಿಡುವ, ಸಿಹಿನೀರಿನ ಎಂಜಿನ್‌ಗೆ ಅಂಥ ಬಣ್ಣದ ಅಗತ್ಯವೂ ಇಲ್ಲ.

25 ಡಿಗ್ರಿಯಲ್ಲಿ ಏಳು ದಿನ ಒಣಗಲಿ, ಚಳಿಯಿದ್ದರೆ ಇನ್ನಷ್ಟು. ಮುಟ್ಟಿದಾಗ ಒಣಗಿದೆ ಎನಿಸುವುದಕ್ಕೂ ನೀರಿಗೆ ಇಳಿಸಲು ತಯಾರಾಗುವುದಕ್ಕೂ ಬಹಳ ಅಂತರ. ಜೊತೆಯಲ್ಲೇ ಒಂದು ಅಲ್ಯೂಮಿನಿಯಂ ತುಂಡಿಗೂ ಅದೇ ಕ್ರಮದಲ್ಲಿ ಹಚ್ಚಿಟ್ಟಿರಿ. ಏಳನೇ ದಿನ ಅದರ ಮೇಲೆ ಬ್ಲೇಡಿನಲ್ಲಿ ಚೌಕಳಿ ಗೀರಿ, ಟೇಪು ಅಂಟಿಸಿ ಕೀಳಿ. ಚೌಕ ಎದ್ದು ಬಂದರೆ ಎಂಜಿನ್ ಮೇಲಿನದೂ ಬರುತ್ತದೆ.

ಜೋಡಣೆ

ಸ್ಟೇನ್‌ಲೆಸ್ ಬೋಲ್ಟು ಅಲ್ಯೂಮಿನಿಯಂಗೆ ನೇರ ತಾಗಿ ನಡುವೆ ನೀರಿದ್ದರೆ ತಿಂದುಹೋಗುವುದು ಅಲ್ಯೂಮಿನಿಯಂ. ಬೋಲ್ಟಿನ ಮರೆಗೆ, ತಲೆಯಡಿಗೆ ಲೋಹಗಳನ್ನು ಬೇರ್ಪಡಿಸುವ ಪೇಸ್ಟ್ ಹಚ್ಚಿ. ಪ್ರೊಪೆಲ್ಲರ್ ಶಾಫ್ಟಿಗೆ ನೀರು ತಡೆಯುವ ಮೆರೈನ್ ಗ್ರೀಸ್, ನಟ್ಟು ಕಳಚದಂತೆ ತಡೆಯುವ ಕಾಟರ್ ಪಿನ್ ಹೊಸದು. ಗೇರ್ ಆಯಿಲನ್ನು ಕೆಳಗಿನ ತೂತಿನಿಂದ ಮೇಲಿನ ತೂತಿನಲ್ಲಿ ಉಕ್ಕುವವರೆಗೆ ತುಂಬಿ, ಎರಡೂ ತಿರುಪಿನ ವಾಷರ್ ಬದಲಿಸಿ.

ಆನೋಡ್ ವಿಷಯದಲ್ಲಿ ಇಲ್ಲಿನವರಿಗೆ ಬೇಕಾದದ್ದು ಕರಾವಳಿಯವರಿಗಿಂತ ಬೇರೆ. ಉಪ್ಪುನೀರಿನ ಜಿಂಕ್ ಆನೋಡ್ ಸಿಹಿನೀರಿನಲ್ಲಿ ಮೈ ಮೇಲೆ ಪೊರೆ ಕಟ್ಟಿಕೊಂಡು ಸುಮ್ಮನಾಗುತ್ತದೆ. ಸವೆಯದೆ ಹೊಸದರಂತೆ ಕಾಣುತ್ತದೆ, ಕೆಲಸ ಮಾಡುವುದಿಲ್ಲ. ಸಿಹಿನೀರಿಗೆ ಮೆಗ್ನೀಷಿಯಂ. ದೋಣಿ ಮಂಗಳೂರಿನ ಕಡೆ ಹೋಗುವುದಿದ್ದರೆ ಬದಲಿಸಿ, ಉಪ್ಪುನೀರಿನಲ್ಲಿ ಮೆಗ್ನೀಷಿಯಂ ಬೇಗ ಕರಗಿ ಅಕ್ಕಪಕ್ಕದ ಬಣ್ಣವನ್ನೂ ಎಬ್ಬಿಸುತ್ತದೆ. ಆನೋಡ್ ಮೇಲೆ ಬಣ್ಣ ಬೇಡ, ಕೂರುವ ಜಾಗ ಬರಿ ಲೋಹವಾಗಿರಲಿ. ಮಲ್ಟಿಮೀಟರ್‌ನಲ್ಲಿ ಆನೋಡ್‌ನಿಂದ ಎಂಜಿನ್ ಮೈಗೆ 1 ಓಮ್‌ಗಿಂತ ಕಡಿಮೆ ಬರಬೇಕು. ಅರ್ಧ ಸವೆದಾಗ ಬದಲಿಸಿ.

ಎದ್ದ ಬಣ್ಣವನ್ನು ಓದುವುದು

ಗುಳ್ಳೆ ಒಡೆದಾಗ ಒಳಗೆ ಬಿಳಿ ಪುಡಿ ಇದ್ದರೆ ಗುಂಡಿಯ ತಳ ಪೂರ್ತಿ ಕೆರೆದಿರಲಿಲ್ಲ, ಇಲ್ಲವೇ ಉಪ್ಪು ಉಳಿದಿತ್ತು. ಪುಡಿಯಿಲ್ಲದೆ ಥಿನ್ನರ್ ವಾಸನೆಯ ನೀರು ಬಂದರೆ ಮೊದಲ ಕೈ ಆರುವ ಮುಂಚೆ ಎರಡನೆಯದು ಬಿದ್ದಿದೆ. ಬಣ್ಣ ಹಾಳೆಯಂತೆ ಎದ್ದು ಅಡಿಯಲ್ಲಿ ಹೊಳೆಯುವ ಲೋಹ ಕಂಡರೆ ಎಣ್ಣೆ, ಇಬ್ಬನಿ ಅಥವಾ ಗೀರಿನ ಕೊರತೆ. ಮೇಲುಬಣ್ಣ ಮಾತ್ರ ಎದ್ದು ಪ್ರೈಮರ್ ಉಳಿದಿದ್ದರೆ ಗಡುವು ಮೀರಿತ್ತು, ಅಥವಾ ಆ ಜಿಡ್ಡು ಪದರ ತೊಳೆದಿರಲಿಲ್ಲ. ಮೀನಿನ ಕಣ್ಣಿನಂಥ ಗುಂಡು ಕುಳಿಗಳು ಹಚ್ಚುವಾಗಲೇ ಬಂದರೆ ಸಿಲಿಕೋನ್ ಪಾಲಿಶ್ ಅಥವಾ ಎಣ್ಣೆ ಇದೆ. ಮೇಲೆ ಇನ್ನೊಂದು ಕೈ ಹೊಡೆದರೆ ಮುಚ್ಚುವುದಿಲ್ಲ, ಒರೆಸಿ ತೆಗೆದು ಮತ್ತೆ ಮಾಡಬೇಕು. ಸ್ಕೆಗ್‌ನ ಮುಂಬದಿ ಮಾತ್ರ ಬೋಳಾಗಿದ್ದರೆ ಅದು ಮರಳಿನ ಸವೆತ, ಬಣ್ಣದ ತಪ್ಪಲ್ಲ. ವರ್ಷಕ್ಕೊಮ್ಮೆ ಅಷ್ಟು ಜಾಗ ಉಜ್ಜಿ ಹಚ್ಚುವುದು ಇದ್ದದ್ದೇ.

ಬಂಡೆಗೆ ಬಡಿದು ಲೋಹ ಕಂಡ ದಿನವೇ ಒರೆಸಿ ಒಣಗಿಸಿ, 120ರಲ್ಲಿ ಉಜ್ಜಿ, ಚಿಟಿಕೆ ಎಪಾಕ್ಸಿ ಬೆರೆಸಿ ಬ್ರಷ್ಷಿನಲ್ಲಿ ಮುಚ್ಚಿ. ಎಂಜಿನ್ ಎತ್ತಿಡುವಾಗ ನೆಟ್ಟಗೆ ನಿಲ್ಲಿಸಿ, ಒಳಗಿನ ನೀರು ಇಳಿದುಹೋಗಲಿ.

ಮಿಕ್ಕ ಬಣ್ಣವನ್ನು ಹಾರ್ಡನರ್ ಸೇರಿಸಿ ತೆರೆದ ಜಾಗದಲ್ಲಿ ಗಟ್ಟಿ ಮಾಡಿ ಎಸೆಯಿರಿ. ಗನ್ ತೊಳೆದ ಥಿನ್ನರ್ ಮುಚ್ಚಿದ ಡಬ್ಬಿಯಲ್ಲಿರಲಿ; ಪುಡಿ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಮುಂದಿನ ಸಲ ಗನ್ ತೊಳೆಯಲು ಬಳಸಬಹುದು. ಎಮರಿ ಧೂಳು, ಆಸಿಡ್ ತೊಳೆದ ನೀರು ಯಾವುದೂ ತೋಡಿಗೆ ಹೋಗಬಾರದು. ಇಲ್ಲಿನ ಹೆಚ್ಚಿನ ತೋಡುಗಳು ಸೇರುವುದು ಕಾವೇರಿಯನ್ನೇ.